ಕೂತರೆ ಏಳದ ಮನಸ್ಸು

ಅಡುಗೆಮನೆಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೆ. ಅಪ್ಪನ ಬಲಗಣ್ಣಿನ ಪೊರೆ ತೆಗೆದ ಮೇಲೆ ವೈದ್ಯರು ಬರೆದುಕೊಟ್ಟ ಹನಿಗಳ ಲೆಕ್ಕ ಅದು. ಮೊದಲ ವಾರ ದಿನಕ್ಕೆ ಆರು ಸಲ, ಎರಡನೆಯ ವಾರ ಐದು, ಮೂರನೆಯ ವಾರ ನಾಲ್ಕು, ಹೀಗೆ ಇಳಿಯುತ್ತ ಆರನೆಯ ವಾರಕ್ಕೆ ಒಂದು. ಇನ್ನೊಂದು ಬಾಟಲಿ ದಿನಕ್ಕೆ ಮೂರು ಸಲ. ಎರಡೂ ಹಾಕಬೇಕಾದಾಗ ನಡುವೆ ಐದು ನಿಮಿಷದ ಬಿಡುವು. ಸ್ಕೇಲ್ ಹಿಡಿದು ಗೆರೆ ಎಳೆದು ಚೌಕದ ಮನೆಗಳನ್ನು ಮಾಡಿದ್ದೆ. ಹನಿ ಹಾಕಿದಾಗಲೆಲ್ಲ ಒಂದು ಮನೆಗೆ ಗುರುತು ಹಾಕಬೇಕು. ಅಪ್ಪನಿಗೆ 76 ವರ್ಷ. ಕೈ ನಡುಗುತ್ತದೆ, ತಾವೇ ಹಾಕಿಕೊಂಡರೆ ಹನಿ ಕೆನ್ನೆಯ ಮೇಲೆ ಬೀಳುತ್ತದೆ. ಹಾಗಾಗಿ ಆ ಕೆಲಸ ನನ್ನದಾಗಿತ್ತು. ಮೊದಲ ಐದು ದಿನ ಒಂದು ಮನೆಯೂ ಖಾಲಿ ಉಳಿಯಲಿಲ್ಲ. ಆರು, ಏಳು ಮತ್ತು ಎಂಟನೆಯ ದಿನಗಳಲ್ಲಿ, ಮೊದಲ ಬಾಟಲಿಯ 17 ಮನೆಗಳ ಪೈಕಿ ಗುರುತು ಬಿದ್ದದ್ದು ನಾಲ್ಕಕ್ಕೆ ಮಾತ್ರ.

ಆ ಮೂರು ದಿನವೂ ನಾನು ಮನೆಯಲ್ಲೇ ಇದ್ದೆ. ಅಪ್ಪನ ಕೋಣೆಯಿಂದ ಹದಿನೈದು ಹೆಜ್ಜೆ ದೂರದಲ್ಲಿ, ಕಂಪ್ಯೂಟರ್ ಮುಂದೆ.

ನಾನು ಕನ್ನಡದ ಫಾಂಟ್‌ಗಳನ್ನು ರೂಪಿಸುವವಳು. ಆ ವಾರ ನನ್ನ ಮುಂದಿದ್ದದ್ದು ‘ಸಾಮರ್ಥ್ಯ’ ಎಂಬ ಪದ. ಅದರ ಕೊನೆಯ ಅಕ್ಷರವನ್ನು ಒಮ್ಮೆ ಸಾವಕಾಶವಾಗಿ ನೋಡಿ. ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಕೊನೆಗೆ ಹೋಗಿ ಅರ್ಕಾವೊತ್ತಾಗಿ ನಿಲ್ಲುತ್ತದೆ. ಮುಂದೆ ಥಕಾರ, ಅದರ ಕೆಳಗಿನಿಂದ ಬಲಕ್ಕೆ ಬಾಲ ಎತ್ತಿ ಏಳುವ ಯಕಾರದ ಒತ್ತು. ಅರ್ಕಾವೊತ್ತು ಆ ಬಾಲದ ಆಚೆ ಕೂರಬೇಕು. ತೀರಾ ಆಚೆ ಸರಿದರೆ ಮುಂದಿನ ಅಕ್ಷರಕ್ಕೆ ಸೇರಿದ್ದೇನೋ ಅನ್ನಿಸುತ್ತದೆ. ಹತ್ತಿರ ಬಂದರೆ ಬಾಲಕ್ಕೆ ತಾಗಿ, ಸಣ್ಣ ಅಳತೆಯಲ್ಲಿ ಮುದ್ರಿಸಿದಾಗ ಎರಡೂ ಸೇರಿ ಮಸಿಯ ಮುದ್ದೆಯಾಗುತ್ತದೆ. ‘ಸಾಮರ್ಥ್ಯ’ ಸರಿಹೋಯಿತು ಅನ್ನುವಷ್ಟರಲ್ಲಿ ‘ಮರ್ತ್ಯ’ ಕೆಟ್ಟಿತು. ‘ಮರ್ತ್ಯ’ ಸರಿಮಾಡಿದರೆ ‘ಅರ್ಘ್ಯ’, ಅಲ್ಲಿಂದ ‘ಹರ್ಮ್ಯ’, ‘ವರ್ಜ್ಯ’. ಪ್ರತಿ ವ್ಯಂಜನದ ಹೊಟ್ಟೆಯ ಅಗಲ ಬೇರೆ, ತಲೆಕಟ್ಟಿನ ಎತ್ತರ ಬೇರೆ. ಒಂದು ನಿಯಮದಲ್ಲಿ ಎಲ್ಲವನ್ನೂ ಹಿಡಿಯಲಾಗದೆ ಒಂದೊಂದನ್ನೇ ಕೈಯಿಂದ ಕೂರಿಸುತ್ತ ಹೋದೆ.

ಒಳಗಿನಿಂದ ಅದು ಹೇಗಿರುತ್ತದೆ ಎಂದು ಹೇಳಲು ಪ್ರಯತ್ನಿಸುತ್ತೇನೆ. ಹೊರಗಿನ ಸದ್ದು ಕೇಳಿಸುವುದಿಲ್ಲ ಎಂದಲ್ಲ. ಕುಕ್ಕರಿನ ಸೀಟಿ, ತರಕಾರಿ ಗಾಡಿಯವರ ಕೂಗು, ಪಕ್ಕದ ಮನೆಯ ನೀರಿನ ಮೋಟಾರು, ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಅವು ಬೇರೆ ಯಾರದೋ ಮನೆಯ ಸದ್ದುಗಳ ಹಾಗೆ. ಹೊಟ್ಟೆ ಹಸಿದದ್ದು, ಗಂಟಲು ಒಣಗಿದ್ದು, ಶೌಚಕ್ಕೆ ಹೋಗಬೇಕಾದದ್ದು ಕೂಡ ಹಾಗೆಯೇ, ಬೇರೆ ಯಾರದೋ ದೇಹದ ಸುದ್ದಿ. ಅಲಾರಾಂ ಇಟ್ಟಿದ್ದೆ, ಆರೂ ಹೊತ್ತಿಗೆ. ಅದು ಬಡಿದುಕೊಂಡಾಗ ಕೈ ತಾನಾಗಿ ಹೋಗಿ ನಿಲ್ಲಿಸುತ್ತಿತ್ತು. ‘ಇದೊಂದು ಸರಿ ಮಾಡಿ ಏಳುತ್ತೇನೆ’ ಎಂದು ಪ್ರತಿ ಸಲವೂ ನಿಜವಾಗಿ ಅಂದುಕೊಂಡಿದ್ದೆ. ಆ ‘ಇದೊಂದು’ ಮುಗಿಯುವಾಗ ಮೂರು ತಾಸು ಕಳೆದಿರುತ್ತಿತ್ತು, ನನಗೆ ಇಪ್ಪತ್ತು ನಿಮಿಷ ಅನ್ನಿಸಿರುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅಪ್ಪನಿಗೆ ಚಹಾ ಕೊಡಲು ಹೋದಾಗ ಅವರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಬೆಳಕು ಚುಚ್ಚುತ್ತದೆ ಅಂದರು. ಕಣ್ಣು ಕೆಂಪಗಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಒಳಗೆ ಉರಿಯೂತ ಹೆಚ್ಚಾಗಿದೆ, ಹನಿ ಸರಿಯಾಗಿ ಹಾಕುತ್ತಿದ್ದೀರಾ ಎಂದು ವೈದ್ಯೆ ಕೇಳಿದರು. ಇಲ್ಲ ಎಂದು ಹೇಳಿದೆ. ಅವರು ಗದರಲಿಲ್ಲ, ಗಂಟೆಗೊಮ್ಮೆ ಹಾಕುವಂತೆ ಎರಡು ದಿನಕ್ಕೆ ಬದಲಿಸಿ ಬರೆದುಕೊಟ್ಟು ಮತ್ತೆ ಬರಲು ಹೇಳಿದರು. ಎರಡು ವಾರದಲ್ಲಿ ಕಣ್ಣು ತಿಳಿಯಾಯಿತು. ದೃಷ್ಟಿಗೆ ಏನೂ ಆಗಲಿಲ್ಲ. ಆಗಬಹುದಾಗಿತ್ತು ಎಂಬುದನ್ನು ನಾನು ಮರೆಯುವುದಿಲ್ಲ.

ಆಟೋದಲ್ಲಿ ಮರಳುವಾಗ ಕೇಳಿದೆ, “ಅಪ್ಪಾ, ನೀವಾದರೂ ಯಾಕೆ ಕರೆಯಲಿಲ್ಲ?”

“ಎರಡು ಸಲ ಬಾಗಿಲತನಕ ಬಂದಿದ್ದೆ, ಅವ್ವಾ,” ಅಂದರು. ನಮ್ಮ ಕಡೆ ಮಗಳನ್ನೂ ಅವ್ವಾ ಎಂದೇ ಕರೆಯುತ್ತಾರೆ. “ನೀನು ಅಷ್ಟು ಮನಸ್ಸಿಟ್ಟು ಕೂತಿದ್ದೆ. ಅಂಥ ಹೊತ್ತಿನಲ್ಲಿ ಎಬ್ಬಿಸಬಾರದು ಅನ್ನಿಸಿತು.”

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಅಪ್ಪ ನನ್ನ ಮೇಲೆ ಸಿಟ್ಟಾಗಿದ್ದರೆ ಸುಲಭವಿತ್ತು. ಅವರು ಹೆಮ್ಮೆಪಟ್ಟಿದ್ದರು. ನನ್ನ ಹಿಡಿತದಲ್ಲಿಯೇ ಇಲ್ಲದ ಒಂದು ಸ್ಥಿತಿಯನ್ನು ನನ್ನ ಶ್ರದ್ಧೆ ಎಂದು ತಿಳಿದು, ಅದಕ್ಕೆ ಗೌರವ ಕೊಟ್ಟು, ನೋಯುವ ಕಣ್ಣು ಹಿಡಿದುಕೊಂಡು ಹಿಂದೆ ಹೋಗಿ ಕೂತಿದ್ದರು.

ನನಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾದದ್ದು 37ನೆಯ ವಯಸ್ಸಿನಲ್ಲಿ. ಗಮನ, ಚಡಪಡಿಕೆ, ಆತುರ ಹಿಡಿತಕ್ಕೆ ಸಿಗದ, ಚಿಕ್ಕಂದಿನಿಂದಲೇ ಇರುವ ಸ್ಥಿತಿ ಅದು. ನಿದ್ರೆ ಬರುವುದಿಲ್ಲ, ಸದಾ ಆತಂಕ ಎಂದು ಮನೋವೈದ್ಯರ ಬಳಿ ಹೋಗಿದ್ದೆ. ಅವರು ನಿದ್ರೆಗಿಂತ ಹೆಚ್ಚಾಗಿ ನನ್ನ ಬಾಲ್ಯದ ಬಗ್ಗೆ ಕೇಳಿದರು. ಲಕ್ಷಣಗಳು 12ನೆಯ ವಯಸ್ಸಿಗೆ ಮುಂಚೆಯೇ ಇದ್ದವೇ ಎಂಬುದು ಈ ರೋಗನಿರ್ಣಯದಲ್ಲಿ ಮುಖ್ಯ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಆ ಗಡಿ ಇದೆ, ಅದಕ್ಕೂ ಮೊದಲಿನ ಆವೃತ್ತಿಯಲ್ಲಿ ಏಳು ವರ್ಷವಿತ್ತು. ನಾನು ತರಗತಿಯಲ್ಲಿ ಬೆಂಚು ಹತ್ತಿ ಜಿಗಿದವಳಲ್ಲ. ಕಿಟಕಿಯಾಚೆ ನೋಡುತ್ತ ಕೂತವಳು, ಪ್ರತಿ ತಿಂಗಳು ಒಂದು ಕೊಡೆ ಕಳೆದವಳು, ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆದವಳು. ಅಂಥ ಹುಡುಗಿಯರಿಗೆ ‘ಮೈಮೇಲೆ ಎಚ್ಚರವಿಲ್ಲ’ ಎಂಬ ಬೈಗುಳ ಸಿಗುತ್ತದೆ, ವೈದ್ಯರು ಸಿಗುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಮಕ್ಕಳಲ್ಲಿ ಸುಮಾರು ಶೇಕಡಾ 5, ವಯಸ್ಕರಲ್ಲಿ ಸುಮಾರು ಶೇಕಡಾ 2.5 ಮಂದಿಗೆ ಇದು ಇರುತ್ತದೆ ಎಂಬ ಅಂದಾಜಿದೆ. ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಎಷ್ಟೋ ಜನರಲ್ಲಿ ಹೋಗುವುದಿಲ್ಲ, ಜಿಗಿದಾಟ ಅಡಗಿ ಒಳಗಿನ ಚಡಪಡಿಕೆಯಾಗಿ ಉಳಿಯುತ್ತದೆ.

ಅವ್ವ ನನ್ನ ಬಗ್ಗೆ ನೆರೆಯವರಿಗೆ ಒಂದು ಮಾತು ಹೇಳುತ್ತಿದ್ದಳು: “ಇವಳು ಎದ್ದರೆ ಕೂರುವುದಿಲ್ಲ, ಕೂತರೆ ಏಳುವುದಿಲ್ಲ.” ಅವ್ವ ಓದಿದ್ದು ನಾಲ್ಕನೆಯ ತರಗತಿ. ನಾನು ವೈದ್ಯರಿಂದ ಎರಡು ಭೇಟಿಗಳಲ್ಲಿ ಕೇಳಿ ತಿಳಿದುಕೊಂಡದ್ದು ಆ ಒಂದು ಸಾಲಿನಲ್ಲಿತ್ತು. ಮಾತಿನ ಮೊದಲರ್ಧ ಎಲ್ಲರಿಗೂ ಗೊತ್ತಿರುವ ಎಡಿಎಚ್‌ಡಿ. ಎರಡನೆಯ ಅರ್ಧಕ್ಕೆ ಈಗ ಹೈಪರ್‌ಫೋಕಸ್ ಎಂಬ ಹೆಸರಿದೆ, ಒಂದರಲ್ಲೇ ಮುಳುಗಿ ಹೊರಬರಲಾಗದ ಗಮನ.

ಪತ್ರಿಕೆಗಳು ಎಡಿಎಚ್‌ಡಿಯನ್ನು ‘ಗಮನ ಕೊರತೆ’ ಎಂದು ಬರೆಯುತ್ತವೆ. ಆ ಅನುವಾದ ತಪ್ಪಲ್ಲ, ಇಂಗ್ಲಿಷ್ ಹೆಸರಿನಲ್ಲಿಯೇ ಕೊರತೆ ಇದೆ. ಆದರೆ ನನ್ನಲ್ಲಿ ಕೊರತೆಯಾಗಿರುವುದು ಗಮನವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನನ್ನ ಅಜ್ಜನ ಹೊಲದಲ್ಲಿ ಬಾವಿಯ ನೀರು ಹಾಯಿಸುವುದನ್ನು ನೋಡಿದ್ದೇನೆ. ಒಂದು ಮಡಿ ತುಂಬಿದೊಡನೆ ಸಲಿಕೆಯಿಂದ ಮಣ್ಣು ಎಳೆದು ಬಾಯಿ ಮುಚ್ಚಿ ನೀರನ್ನು ಪಕ್ಕದ ಮಡಿಗೆ ತಿರುಗಿಸಬೇಕು. ಸಲಿಕೆ ಹಿಡಿದವನು ಬದುವಿನ ಮೇಲೆ ನಿದ್ದೆಹೋದರೆ ಒಂದು ಮಡಿಯಲ್ಲಿ ಬೇರು ಕೊಳೆಯುತ್ತದೆ, ಉಳಿದವು ಒಣಗುತ್ತವೆ. ಬಾವಿಯಲ್ಲಿ ನೀರಿಗೇನೂ ಕಡಿಮೆಯಿರುವುದಿಲ್ಲ. ನನ್ನಲ್ಲಿ ನಿದ್ದೆಹೋಗುವವನು ಅವನು, ಸಲಿಕೆಯವನು. ವಿದ್ಯುತ್ ಬಿಲ್ಲಿನ ಎದುರು ಗಮನ ನಿಲ್ಲದಿರುವುದು, ‘ಸಾಮರ್ಥ್ಯ’ದ ಎದುರು ಗಮನ ಕದಲದಿರುವುದು, ಎರಡೂ ಒಬ್ಬನ ನಿದ್ದೆಯ ಫಲ. ಎಡಿಎಚ್‌ಡಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನು ಮೂಲತಃ ಸ್ವನಿಯಂತ್ರಣದ ತೊಂದರೆ ಎಂದು ವಿವರಿಸುತ್ತಾರೆ. ಆ ವಿವರಣೆ ಓದಿದಾಗ ನನಗೆ ನೆನಪಾದದ್ದು ಆ ಸಲಿಕೆ.

ಇಷ್ಟೆಲ್ಲ ಹೇಳಿದರೂ ಹೈಪರ್‌ಫೋಕಸ್ ರೋಗನಿರ್ಣಯದ ಪಟ್ಟಿಯಲ್ಲಿ ಇಲ್ಲ. 2013ರ ಕೈಪಿಡಿ ಕೊಡುವ ಹದಿನೆಂಟು ಲಕ್ಷಣಗಳಲ್ಲಿ ಅದರ ಹೆಸರು ಬರುವುದಿಲ್ಲ. ಎಡಿಎಚ್‌ಡಿ ಇರುವವರು ಮೊದಲಿನಿಂದ ಹೇಳಿಕೊಂಡು ಬಂದ ಈ ಅನುಭವವನ್ನು ಸಂಶೋಧಕರು ಅಳೆಯಲು ತೊಡಗಿದ್ದು ಇತ್ತೀಚೆಗೆ. 2019ರಲ್ಲಿ ಹಪ್‌ಫೆಲ್ಡ್ ಮತ್ತು ಸಂಗಡಿಗರು ಇದಕ್ಕಾಗಿಯೇ ಒಂದು ಪ್ರಶ್ನಾವಳಿ ರೂಪಿಸಿದರು. ಎಡಿಎಚ್‌ಡಿ ಲಕ್ಷಣಗಳು ಹೆಚ್ಚಿದ್ದ ವಯಸ್ಕರು ಓದು, ಹವ್ಯಾಸ, ಪರದೆ ಮೂರರಲ್ಲೂ ಇಂಥ ಅನುಭವವನ್ನು ಹೆಚ್ಚಾಗಿ ವರದಿ ಮಾಡಿದರು. ಮರುವರ್ಷ ನೆದರ್ಲೆಂಡ್ಸ್‌ನ ಸಂಶೋಧಕರ ಅಧ್ಯಯನದಲ್ಲಿ, ರೋಗನಿರ್ಣಯವಾದವರಿಗೂ ಇತರರಿಗೂ ನಡುವೆ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ನಮ್ಮಂಥವರ ಸೊತ್ತೇ ಎಂದು ಹೇಳುವಂತಿಲ್ಲ. ಯಾರು ಬೇಕಾದರೂ ಒಂದು ಕೆಲಸದಲ್ಲಿ ಮುಳುಗಿಹೋಗಬಹುದು. ನನಗೆ ಮುಖ್ಯವೆನ್ನಿಸುವ ಪ್ರಶ್ನೆ ಮುಳುಗುವುದರದ್ದಲ್ಲ, ಏಳುವುದರದ್ದು.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಿಂದ ‘ಫ್ಲೋ’ ಎಂಬ ಸ್ಥಿತಿಯನ್ನು ವಿವರಿಸಿದರು. ಗುರಿ ಸ್ಪಷ್ಟವಿರಬೇಕು, ಮಾಡಿದ್ದು ಸರಿಯೋ ತಪ್ಪೋ ಕೂಡಲೇ ತಿಳಿಯಬೇಕು, ಕೆಲಸದ ಕಷ್ಟ ನಮ್ಮ ಕೌಶಲಕ್ಕೆ ಸರಿಹೊಂದಬೇಕು. ಆಗ ಕೆಲಸವೂ ಮಾಡುವವನೂ ಒಂದಾಗುತ್ತಾರೆ. ಹಲವರು ಹೈಪರ್‌ಫೋಕಸ್ ಎಂದರೆ ಇದೇ ಎನ್ನುತ್ತಾರೆ. ನನ್ನ ಒಳ್ಳೆಯ ದಿನಗಳಲ್ಲಿ ಹೌದು. ಆದರೆ ನನ್ನ ಮನಸ್ಸು ಮುಳುಗಲು ಗುರಿಯನ್ನು ಕೇಳುವುದಿಲ್ಲ. ಒಮ್ಮೆ ಒಂದು ಬಿಲ್ಲನ್ನು ಕೊರಿಯರ್ ಮಾಡಬೇಕಿತ್ತು, ವಿಳಾಸದ ಪಿನ್ ಕೋಡ್ ಹುಡುಕಿದೆ. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು ಎಂದು ಕಣ್ಣಿಗೆ ಬಿತ್ತು. ಮೊದಲ ಅಂಕಿ ವಲಯಕ್ಕೆ, ಎರಡನೆಯದು ಉಪವಲಯಕ್ಕೆ, ಮೂರನೆಯದು ವಿಂಗಡಣೆಯ ಜಿಲ್ಲೆಗೆ. ಅಲ್ಲಿಂದ ಅಂಚೆ ವಿಂಗಡಣೆ, ರೈಲ್ವೆ ಅಂಚೆ, ಹಳೆಯ ಮುದ್ರೆಗಳು. ತಲೆ ಎತ್ತಿದಾಗ ಬೆಳಗಿನ ನಾಲ್ಕು. ಬಿಲ್ಲು ಮೇಜಿನ ಮೇಲೇ ಇತ್ತು, ಇನ್ನೂ ಹನ್ನೊಂದು ದಿನ ಅಲ್ಲಿಯೇ ಇತ್ತು.

ಇದು ನನಗೆ ಕೊಟ್ಟದ್ದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಾನು ಅಕ್ಷರ ವಿನ್ಯಾಸವನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಒಂದು ಬೇಸಿಗೆಯಲ್ಲಿ, ಯಾರೂ ಹೇಳದೆ, ಕನ್ನಡದ 34 ವ್ಯಂಜನಗಳ ಕಾಗುಣಿತವನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಇಳಿ ಎಲ್ಲಿ ಹತ್ತುತ್ತದೆ, ಗುಡಿಸು ಯಾವ ಅಕ್ಷರದಲ್ಲಿ ತಲೆಕಟ್ಟನ್ನು ನುಂಗುತ್ತದೆ, ಕೊಂಬು ಪಕಾರಕ್ಕೆ ಬಂದಾಗ ಯಾಕೆ ಬೇರೆ ರೀತಿ ತಗಲುತ್ತದೆ, ವಟ್ರಸುಳಿಗೆ ಎಷ್ಟು ಜಾಗ ಬೇಕು. ಸೂರ್ಯದ ‘ರ್ಯ’ ಮತ್ತು ರ‍್ಯಾಲಿಯ ‘ರ‍್ಯ’ ಕಂಪ್ಯೂಟರಿಗೆ ಯಾಕೆ ಬೇರೆ ಬೇರೆ ಎಂದು ತಿಳಿಯಲು ಒಂದು ರಾತ್ರಿ ಪೂರ್ತಿ ಕೂತಿದ್ದೆ. ಆ ಎರಡು ತಿಂಗಳಲ್ಲಿ ಕಲಿತದ್ದು ಇವತ್ತಿಗೂ ನನ್ನ ಅನ್ನ. ಬೇರೆಯವರು ಬೇಸರಪಟ್ಟು ಬಿಟ್ಟುಹೋಗುವ ಕಡೆ ನನಗೆ ಬೇಸರವೇ ಬರುವುದಿಲ್ಲ. ‘ರಾಷ್ಟ್ರ’ದ ಕೆಳಗೆ ಎರಡು ಒತ್ತುಗಳು ಒಂದರ ಹಿಂದೊಂದು ಬಂದು ಮುಂದಿನ ಸಾಲಿನ ದೀರ್ಘಕ್ಕೆ ತಾಗುವುದನ್ನು ತಪ್ಪಿಸಲು ನಾಲ್ಕುನೂರು ಸಲ ಅಳೆಯಬೇಕೆಂದರೆ ನಾನು ಅಳೆಯುತ್ತೇನೆ, ನಾಲ್ಕುನೂರನೆಯದನ್ನೂ ಮೊದಲನೆಯದರಷ್ಟೇ ಆಸೆಯಿಂದ.

ಇನ್ನೊಂದಿದೆ, ಅದನ್ನು ಬರೆಯುವುದು ಸ್ವಲ್ಪ ಕಷ್ಟ. ಬದುಕಿನ ಬಹುಪಾಲು ನನ್ನ ತಲೆಯೊಳಗೆ ಸಂತೆಯ ಗದ್ದಲ. ಮರೆತದ್ದೇನು, ಯಾರಿಗೆ ಉತ್ತರ ಕೊಟ್ಟಿಲ್ಲ, ಒಲೆ ಆರಿಸಿದೆನೋ ಇಲ್ಲವೋ. ಅಕ್ಷರದೊಳಗೆ ಇಳಿದಾಗ ಆ ಗದ್ದಲ ನಿಲ್ಲುತ್ತದೆ. ಚಿಕ್ಕಂದಿನಿಂದ ‘ಒಂದು ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ’ ಎಂದು ಕೇಳುತ್ತ ಬೆಳೆದವಳಿಗೆ, ಒಂದು ಕೆಲಸವನ್ನು ಪೂರ್ತಿ ನೆಟ್ಟಗೆ ಮಾಡುತ್ತಿದ್ದೇನೆ ಎಂಬ ಅರಿವು ಎಂಥದ್ದು ಎಂದು ಹೇಗೆ ಹೇಳಲಿ. ಅವ್ವ ತೀರಿಕೊಂಡ ವರ್ಷ ನಾನು ಉಳಿದದ್ದು ಅಲ್ಲಿಯೇ. ಹಾಗಾಗಿ ಯಾರಾದರೂ ಇದನ್ನು ಬರೀ ರೋಗಲಕ್ಷಣ ಎಂದು ತಳ್ಳಿಹಾಕಿದರೆ ನಾನು ಒಪ್ಪುವುದಿಲ್ಲ.

‘ಮಹಾಶಕ್ತಿ’ ಎಂದು ಹಾಡಿಹೊಗಳುವವರನ್ನೂ ಒಪ್ಪುವುದಿಲ್ಲ. ಮೊಬೈಲಿನ ಸಣ್ಣ ವಿಡಿಯೊಗಳಲ್ಲಿ ಈಗ ಈ ಮಾತು ತುಂಬಿದೆ: ಎಡಿಎಚ್‌ಡಿ ಒಂದು ವರ, ಹೈಪರ್‌ಫೋಕಸ್ ನಿಮ್ಮ ಅಸ್ತ್ರ, ಬಳಸಿಕೊಳ್ಳಿ. ಅಸ್ತ್ರವಾಗಿದ್ದರೆ ಬಾ ಎಂದಾಗ ಬರಬೇಕಿತ್ತು. ಜಿಎಸ್‌ಟಿ ವಿವರ ಸಲ್ಲಿಸುವ ದಿನ ಇದು ಬರುವುದಿಲ್ಲ. ದಂಡ ಕಟ್ಟಿದ್ದೇನೆ, ಹಣ ಇಲ್ಲದೆ ಅಲ್ಲ, ಆ ಪುಟ ತೆರೆದು ಹತ್ತು ನಿಮಿಷ ಕೂರಲಾಗದೆ. ಬಂದಾಗಲೂ ತಾನು ಬಯಸಿದ ಕಡೆಗೆ ಹೋಗುತ್ತದೆ. ಒಂದು ಶಾಲೆಯ ಗೋಡೆಬರಹಕ್ಕೆ ದಪ್ಪ ಅಕ್ಷರಗಳು ಬೇಕಿದ್ದವು, ಹದಿನೈದು ದಿನದ ಗಡುವು. ಅದರಲ್ಲಿ ಒಂಬತ್ತು ದಿನವನ್ನು ನಾನು ಙ ಮತ್ತು ಞ ಅಕ್ಷರಗಳ ಒತ್ತುಗಳ ಮೇಲೆ ಕಳೆದೆ. ಯಾವ ಶಾಲೆಯ ಗೋಡೆಯ ಮೇಲೂ ಬರದ ಜೋಡಣೆಗಳು. ಅವು ಬಹಳ ಚೆನ್ನಾಗಿ ಬಂದವು. ಗಡುವು ಮುಗಿಯಿತು, ಕೆಲಸ ಬೇರೆಯವರಿಗೆ ಹೋಯಿತು, ಅದನ್ನು ನನಗೆ ಕೊಡಿಸಿದ್ದ ಗೆಳತಿ ಬಹುಕಾಲ ನನ್ನೊಡನೆ ಮಾತನಾಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಈ ಪ್ರಶ್ನೆ: “ಅಕ್ಷರದ ಮುಂದೆ ಹದಿನಾಲ್ಕು ತಾಸು ಕೂರುತ್ತೀಯಲ್ಲ, ಬಿಲ್ಲು ಕಟ್ಟಲು ಹದಿನೈದು ನಿಮಿಷ ಕೂರಲಾಗುವುದಿಲ್ಲವೇ?” ನನ್ನ ಪತಿ ಕೇಳಿದ್ದಾರೆ, ಅಣ್ಣ ಕೇಳಿದ್ದಾನೆ, ನಾನೇ ಕನ್ನಡಿಯ ಮುಂದೆ ನಿಂತು ಕೇಳಿಕೊಂಡಿದ್ದೇನೆ. ಇದಕ್ಕೆ ನ್ಯಾಯವಾದ ಉತ್ತರ ‘ಮನಸ್ಸಿಲ್ಲ’ ಎಂದೇ ಕಾಣುತ್ತದೆ ಹೊರಗಿನವರಿಗೆ. ಶಾಲೆಯಲ್ಲಿ ಒಬ್ಬ ಹುಡುಗ ಮೂರು ತಾಸು ಮೊಬೈಲ್ ಆಟ ಆಡಬಲ್ಲ, ಐದು ನಿಮಿಷ ಮಗ್ಗಿ ಬರೆಯಲಾರ ಎಂದರೆ ಅವನಿಗೆ ಎಡಿಎಚ್‌ಡಿ ಇರಲು ಸಾಧ್ಯವೇ ಇಲ್ಲ ಎಂದು ತಂದೆತಾಯಿ ತೀರ್ಮಾನಿಸುವುದನ್ನು ಕಂಡಿದ್ದೇನೆ. ಅದು ವಿರೋಧಾಭಾಸವಲ್ಲ. ಕೂಡಲೇ ಸಿಗುವ ಫಲ ಈ ಮೆದುಳನ್ನು ಬಲವಾಗಿ ಎಳೆಯುತ್ತದೆ, ದೂರದ ಫಲದ ಎಳೆತ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆಟದಲ್ಲಿ ಪ್ರತಿ ಕ್ಷಣಕ್ಕೂ ಒಂದು ಉತ್ತರವಿದೆ. ಅರ್ಕಾವೊತ್ತನ್ನು ಒಂದು ಕೂದಲೆಳೆ ಸರಿಸಿದರೆ ನನಗೂ ಆ ಕ್ಷಣವೇ ಉತ್ತರ ಸಿಗುತ್ತದೆ. ಮಗ್ಗಿಯ ಉತ್ತರ ವಾರ್ಷಿಕ ಪರೀಕ್ಷೆಯಲ್ಲಿ, ಬಿಲ್ಲಿನ ಉತ್ತರ ಮುಂದಿನ ತಿಂಗಳು. ಆ ಹುಡುಗನ ಆಟವನ್ನು ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಬೇಡಿ ಎಂದು ಪ್ರತಿ ಶಿಕ್ಷಕರಲ್ಲೂ ಕೇಳಿಕೊಳ್ಳಬೇಕು ಅನ್ನಿಸುತ್ತದೆ.

ಮೈಮರೆವು ಎಂಬ ನಮ್ಮ ಪದ ಎಷ್ಟು ಕರಾರುವಾಕ್ಕಾದದ್ದು ಎಂದು ಈ ಎರಡು ವರ್ಷಗಳಲ್ಲಿ ಮತ್ತೆ ಮತ್ತೆ ಯೋಚಿಸಿದ್ದೇನೆ. ಮೊದಲು ಮರೆತುಹೋಗುವುದು ಮೈಯೇ. ಮೂರು ದಿನದ ಮುಳುಗಿನ ಕೊನೆಗೆ ಕತ್ತು ತಿರುಗುವುದಿಲ್ಲ, ಮೂತ್ರದಲ್ಲಿ ಉರಿ, ಕಣ್ಣಲ್ಲಿ ಮರಳು, ಯಾರು ಮಾತನಾಡಿಸಿದರೂ ಅಳು ಬರುವಷ್ಟು ನಿಸ್ತ್ರಾಣ. ನಂತರ ಎರಡು ದಿನ ಲೋಟ ತೊಳೆಯಲೂ ಕೈ ಏಳುವುದಿಲ್ಲ. ಹೊಗಳುವವರು ಈ ಎರಡು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ನಮ್ಮಲ್ಲಿ ಮೈಮರೆವಿಗೆ ಯಾವಾಗಲೂ ಒಂದು ಪ್ರಭೆ ಇದೆ. ಕಾಯಕವೇ ಕೈಲಾಸ ಎಂದು ಬೆಳೆದವರು ನಾವು. ಊಟ-ನಿದ್ರೆ ಬಿಟ್ಟು ಬರೆದರು, ಹಗಲು-ರಾತ್ರಿ ಎನ್ನದೆ ಸಾಧನೆ ಮಾಡಿದರು ಎಂದರೆ ಕೈ ಮುಗಿಯುತ್ತೇವೆ. ಆ ಕಥೆಗಳಲ್ಲಿ ತಣ್ಣಗಾದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಬಿಸಿ ಮಾಡಿ ಮತ್ತೆ ತಂದಿಟ್ಟವರು ಯಾರು? ಮಕ್ಕಳ ಜ್ವರ ನೋಡಿದವರು ಯಾರು? ಗಂಡಸು ಮೈಮರೆತರೆ ಮನೆ ಅವನ ಸುತ್ತ ಬೆರಳ ತುದಿಯಲ್ಲಿ ನಡೆಯುತ್ತದೆ. ಹೆಂಗಸು ಮೈಮರೆತರೆ ಹಾಲು ಉಕ್ಕುತ್ತದೆ, ಉಕ್ಕಿದ ಹಾಲಿನ ಹೆಸರಿನಲ್ಲಿ ಅವಳು ಗುರುತಿಸಲ್ಪಡುತ್ತಾಳೆ. ಎಡಿಎಚ್‌ಡಿ ಇರುವ ಎಷ್ಟು ಗಂಡಸರ ಹೈಪರ್‌ಫೋಕಸ್ ‘ಪ್ರತಿಭೆ’ ಎಂದು ಉಳಿದಿರುವುದು ಪಕ್ಕದಲ್ಲಿ ಒಬ್ಬ ಹೆಂಗಸು ಸಲಿಕೆ ಹಿಡಿದು ನಿಂತಿದ್ದರಿಂದ ಎಂದು ಯೋಚಿಸುತ್ತೇನೆ. ನನ್ನ ಮನೆಯಲ್ಲಿ ಆ ಮೂರು ದಿನ ಬೆರಳ ತುದಿಯಲ್ಲಿ ನಡೆದವರು ನನ್ನ ಅಪ್ಪ. ಪತಿ ಆ ವಾರ ಕಚೇರಿ ಕೆಲಸಕ್ಕೆ ಕಲಬುರಗಿಗೆ ಹೋಗಿದ್ದರು. ಅಪ್ಪ ನನಗೆ ಕೊಟ್ಟ ಆ ಗೌರವವನ್ನು ನಾನು ಅವರ ಕಣ್ಣಿನಿಂದ ತೀರಿಸಿದೆ.

ಅಪ್ಪ ಗದಗದಲ್ಲಿ ಮುದ್ರಣಾಲಯವೊಂದರಲ್ಲಿ ಮೊಳೆ, ಎಂದರೆ ಅಚ್ಚಿನ ಬಿಡಿ ಅಕ್ಷರಗಳನ್ನು ಜೋಡಿಸುತ್ತಿದ್ದವರು. 1990ರ ದಶಕದಲ್ಲಿ ಕಂಪ್ಯೂಟರ್ ಬಂದು ಆ ಕೆಲಸ ಮುಗಿಯುವವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊಳೆಗಳ ಖಾನೆಪೆಟ್ಟಿಗೆಯಾದ ಕೇಸಿನ ಮುಂದೆ ನಿಂತೇ ದುಡಿದರು. ನನಗಿರುವ ಅಕ್ಷರದ ಹುಚ್ಚು ಅವರಿಂದ ಬಂದದ್ದು. ಈ ಮೆದುಳೂ ಅವರಿಂದಲೇ ಬಂದಿರಬಹುದು, ಎಡಿಎಚ್‌ಡಿ ಬಹುಮಟ್ಟಿಗೆ ವಂಶವಾಹಿಗಳ ಮೂಲಕವೇ ಬರುತ್ತದೆ. ಉರಿಯೂತ ಇಳಿದ ಮೇಲೆ ಒಂದು ಸಂಜೆ ಕೇಳಿದೆ, ಕೆಲಸದಲ್ಲಿ ನೀವು ಹೀಗೆ ಮುಳುಗಿಹೋಗುತ್ತಿದ್ದಿರಾ ಎಂದು.

“ಮುಳುಗುತ್ತಿದ್ದೆ. ಆದರೆ ಸ್ಟಿಕ್ ತುಂಬುತ್ತಿತ್ತಲ್ಲ,” ಅಂದರು.

ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಎಡಗೈಯಲ್ಲಿ ಹಿಡಿದ ಲೋಹದ ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸಬೇಕು. ಅದರಲ್ಲಿ ಹಿಡಿಯುವುದು ಕೆಲವೇ ಸಾಲು. ತುಂಬಿದ ಮೇಲೆ ಇನ್ನೊಂದು ಮೊಳೆಗೂ ಜಾಗವಿಲ್ಲ; ಎರಡೂ ಕೈಗಳಿಂದ ಒತ್ತಿ ಹಿಡಿದು ಸಾಲುಗಳನ್ನು ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸಬೇಕು. ಅವಸರ ಮಾಡಿದರೆ ಎಲ್ಲ ಚೆಲ್ಲಿ ಹೋಗುತ್ತದೆ. ಹಾಗಾಗಿ ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ನಾಲ್ಕು ಹೆಜ್ಜೆ ನಡೆಯಲೇಬೇಕು. ಅಷ್ಟರಲ್ಲಿ ಯಾರೋ ಚಹಾ ಬಂತೆನ್ನುತ್ತಾರೆ, ನೀರಿನ ಬಿಂದಿಗೆ ಕಣ್ಣಿಗೆ ಬೀಳುತ್ತದೆ, ಮನೆಯಲ್ಲಿ ಹೆಂಡತಿ ಹೇಳಿದ್ದ ಔಷಧ ನೆನಪಾಗುತ್ತದೆ. ಅಪ್ಪ ಇದನ್ನೆಲ್ಲ ಹೇಳುವಾಗ ಖಾಲಿ ಎಡಗೈ ತಾನಾಗಿ ಸ್ಟಿಕ್ ಹಿಡಿದ ಹಾಗೆ ಮಡಚಿಕೊಂಡಿತ್ತು, ಹೆಬ್ಬೆರಳು ಕೊನೆಯ ಮೊಳೆಯನ್ನು ಒತ್ತಿ ಹಿಡಿದಿತ್ತು. ನನ್ನ ಪರದೆ ತುಂಬುವುದಿಲ್ಲ. ಕೆಳಗೆ ಎಳೆದಷ್ಟೂ ಜಾಗವಿದೆ, ಮಾಡಿದ್ದನ್ನು ಹಿಂದೆಗೆಯಲು ಎಷ್ಟು ಸಲ ಬೇಕಾದರೂ ಅವಕಾಶವಿದೆ. ನನ್ನೊಳಗಿನ ಸಲಿಕೆಯವನು ನಿದ್ದೆಹೋದರೂ ಎಬ್ಬಿಸುವಂಥ ಒಂದು ವಸ್ತು ಅಪ್ಪನ ಕೈಯಲ್ಲಿತ್ತು, ನನ್ನ ಕೈಯಲ್ಲಿಲ್ಲ.

ಅಂದಿನಿಂದ ಸ್ಟಿಕ್ಕನ್ನು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಕೆಲಸ ಶುರುಮಾಡುವ ಮುನ್ನ ಒಂದು ಚೀಟಿಯಲ್ಲಿ ಐದು ಅಕ್ಷರ ಬರೆದುಕೊಳ್ಳುತ್ತೇನೆ, ಐದನೆಯದಕ್ಕೆ ಕಡತ ಮುಚ್ಚಬೇಕು. ಬರೀ ನಿಲ್ಲಿಸಿದರೆ ಸಾಲದು, ಮುಚ್ಚಬೇಕು. ರಾತ್ರಿ ಒಂಬತ್ತರ ನಂತರ ಹೊಸ ಅಕ್ಷರ ತೆರೆಯುವುದಿಲ್ಲ. ಅಲಾರಾಂ ನನಗೆ ಕೆಲಸಕ್ಕೆ ಬರುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಮನುಷ್ಯರ ಕೈ ಬರುತ್ತದೆ. ಬಾಗಿಲಲ್ಲಿ ನಿಂತು ಕರೆದರೆ ಸಾಲದು, ಹತ್ತಿರ ಬಂದು ಭುಜ ಮುಟ್ಟಬೇಕು ಎಂದು ಮನೆಯಲ್ಲಿ ಹೇಳಿದ್ದೇನೆ. ಮೊದಲ ಅರೆ ನಿಮಿಷ ನಾನು ಸಿಡುಕಬಹುದು, ಅದಕ್ಕೆ ಬೆಲೆ ಕೊಡಬೇಡಿ, ಕೈ ತೆಗೆಯಬೇಡಿ ಎಂದೂ ಹೇಳಿದ್ದೇನೆ. ವೈದ್ಯರು ಕೊಟ್ಟ ಮೀಥೈಲ್‌ಫೆನಿಡೇಟ್ ತೆಗೆದುಕೊಳ್ಳುತ್ತೇನೆ. 1944ರಲ್ಲಿ ಮೊದಲು ತಯಾರಾದ ಹಳೆಯ ಔಷಧ, ನಮ್ಮಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಎಲ್ಲರಿಗೂ ಒಗ್ಗುವಂಥದ್ದೂ ಅಲ್ಲ. ಅದರಿಂದ ಅಕ್ಷರದ ಮೇಲಿನ ಆಸೆ ಕುಗ್ಗೀತೆಂದು ಹೆದರಿದ್ದೆ. ಕುಗ್ಗಲಿಲ್ಲ. ಏಳಬೇಕು ಅನ್ನಿಸಿದ್ದಕ್ಕೂ ಏಳುವುದಕ್ಕೂ ನಡುವಿನ ಕಂದಕ ನನ್ನ ಮಟ್ಟಿಗೆ ಸ್ವಲ್ಪ ಕಿರಿದಾಯಿತು. ತಮಗೂ ಹೀಗೆಯೇ ಆಗುತ್ತಿದೆಯೇ ಎಂದು ಸಂಶಯವಿರುವವರು ವಿಡಿಯೊ ನೋಡಿ ತೀರ್ಮಾನಿಸದೆ ಒಬ್ಬ ಮನೋವೈದ್ಯರನ್ನು ಕಾಣಿರಿ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಎಲ್ಲ ದಿನವೂ ಇದು ನಡೆಯುವುದಿಲ್ಲ. ಹೋದ ತಿಂಗಳು ಒಂದು ರಾತ್ರಿ ಚೀಟಿ ಹರಿದು ಹಾಕಿ ಬೆಳಗಿನವರೆಗೆ ಕೂತೆ. ಅಂದು ಬಂದ ‘ಳ್ಳ’ ನನ್ನ ಈವರೆಗಿನ ಕೆಲಸದಲ್ಲೇ ಚೆಂದದ್ದು. ಅದನ್ನೂ ಮುಚ್ಚಿಡಲಾರೆ.

ಈ ವಾರ ಅಪ್ಪನ ಎಡಗಣ್ಣಿನದೂ ಆಯಿತು. ಫ್ರಿಜ್ ಬಾಗಿಲಿಗೆ ಹೊಸ ಹಾಳೆ ಬಂದಿದೆ. ಈ ಸಲ ಬಾಟಲಿಗಳು ನನ್ನ ಬಳಿ ಇಲ್ಲ, ಅಪ್ಪನ ಅಂಗಿಯ ಜೇಬಿನಲ್ಲಿವೆ. ಹೊತ್ತಾದಾಗ ಅವರೇ ಗೋಡೆ ಹಿಡಿದು ನಿಧಾನವಾಗಿ ಬರುತ್ತಾರೆ, ಭುಜದ ಮೇಲೆ ಕೈ ಇಡುತ್ತಾರೆ. ನಾನು ಏಳುವವರೆಗೆ ತೆಗೆಯುವುದಿಲ್ಲ. ಇವತ್ತು ಮಧ್ಯಾಹ್ನ ಬಂದಾಗ ‘ರ್ಧ್ವ’ದ ಅರ್ಕಾವೊತ್ತು ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು. ಎದ್ದೆ. ನಡುಮನೆಯ ಕುರ್ಚಿಯಲ್ಲಿ ಅವರ ತಲೆ ಹಿಂದಕ್ಕೆ ಒರಗಿಸಿ, ಕೆಳರೆಪ್ಪೆ ಎಳೆದು, ಒಂದು ಹನಿ ಬಿಟ್ಟೆ. ಕಣ್ಣು ಮುಚ್ಚಿದರು. ಎರಡನೆಯ ಹನಿಗೆ ಐದು ನಿಮಿಷ. ಮರಳಿ ಕೋಣೆಗೆ ಹೋದರೆ ಆ ಐದು ನಿಮಿಷ ಎಷ್ಟಾಗುತ್ತದೆಂದು ಇಬ್ಬರಿಗೂ ಗೊತ್ತು, ಅಲ್ಲಿಯೇ ನೆಲದ ಮೇಲೆ ಕೂತೆ.

“ಯಾವ ಅಕ್ಷರ?” ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಊರ್ಧ್ವದ ರ್ಧ್ವ. ವ ಒತ್ತಿಗೂ ಅರ್ಕಾವೊತ್ತಿಗೂ ನಡುವೆ ಎಷ್ಟು ಬಿಡಬೇಕೋ ತಿಳಿಯುತ್ತಿಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಬ್ಬೆರಳು-ತೋರುಬೆರಳುಗಳ ನಡುವೆ ಕಾಣದ ಮೊಳೆಯೊಂದನ್ನು ಹಿಡಿದು, ಗಾಳಿಯಲ್ಲಿ ಅದನ್ನು ಇನ್ನೊಂದರ ಪಕ್ಕಕ್ಕೆ ತಂದು ನಿಲ್ಲಿಸಿದರು. “ಇಷ್ಟು,” ಅಂದರು.

ನಾನು ಗಡಿಯಾರ ನೋಡಿದೆ. ಇನ್ನೂ ಮೂರು ನಿಮಿಷವಿತ್ತು.